ಹದಿನೇಳನೆಯ ವಾಕ್ಯ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಆಮೆಯಕ್ಕ ಎಂದು. ನಿಧಾನಿ ಎಂಬ ಕಾರಣಕ್ಕಲ್ಲ, ಕೈ ಬಲು ಚುರುಕು. ಆದರೆ ಹೊಸ ಯಂತ್ರ, ಹೊಸ ಪಾಳಿ, ಹೊಸ ಮೇಲ್ವಿಚಾರಕ, ಏನೇ ಬರಲಿ, ಅವಳು ತಲೆ ಒಳಗೆಳೆದುಕೊಂಡು ಕುಳಿತುಬಿಡುತ್ತಿದ್ದಳು. ಇಪ್ಪತ್ತೆರಡು ವರ್ಷ ಒಂದೇ ಇಸ್ತ್ರಿ ಯಂತ್ರದ ಮುಂದೆ ನಿಂತು, ಉರುಳೆಗಳ ನಡುವಿನಿಂದ ಬೆಚ್ಚಗೆ ಇಳಿದು ಬರುವ, ರೋಗಿಗಳ ಮಂಚದ ಬಿಳಿ ಹಾಸುಗಳನ್ನು ಮಡಚಿದ್ದಳು. ಹಬೆಯಲ್ಲಿ ಎದುರಿಗಿದ್ದವರ ಮುಖ ಅರ್ಧ ಕಾಣುತ್ತಿತ್ತು, ಅರ್ಧ ಕರಗಿಹೋಗುತ್ತಿತ್ತು. ಅವಳಿಗೆ ಅದೇ ಹಿತ.

ಒಂದು ದಿನ ಕಾಲೇಜಿನ ಹುಡುಗಿಯೊಬ್ಬಳು ಫಾರಂಗಳ ಕಟ್ಟು ಹಿಡಿದು ಬಂದಳು. ಮನುಷ್ಯರ ಸ್ವಭಾವದ ಬಗ್ಗೆ ಸಂಶೋಧನೆಯಂತೆ. ಅರವತ್ತು ವಾಕ್ಯ, ಚೂರೂ ಒಪ್ಪದಿದ್ದರೆ ಒಂದು, ಪೂರ್ತಿ ಒಪ್ಪಿದರೆ ಐದು ಎಂಬ ಅಂಕಿಗೆ ಸುತ್ತು ಹಾಕಬೇಕು.

"ಇದ್ರಿಂದ ಏನು ಗೊತ್ತಾಗುತ್ತೆ?" ಎಂದಳು ಆಮೆಯಕ್ಕ.

"ಐದು ಗುಣ ಅಳೀತೀವಿ ಅಕ್ಕ. ಹೊಸದರ ಮೇಲಿನ ಆಸೆ, ಶಿಸ್ತು, ಜನರ ಜೊತೆ ಬೆರೆಯೋದು, ಮೃದುತನ, ಕಳವಳ. ಎಲ್ಲರಲ್ಲೂ ಐದೂ ಇರುತ್ತೆ, ಹೆಚ್ಚು ಕಮ್ಮಿ ಅಷ್ಟೇ." ಹುಡುಗಿ ಇನ್ನೊಂದು ಫಾರಂ ಕೊಟ್ಟಳು. "ಇದನ್ನ ನಿಮ್ಮನ್ನ ಚಿಕ್ಕಂದಿನಿಂದ ನೋಡಿರೋರ ಕೈಲಿ ತುಂಬಿಸಿ. ನಿಮ್ಮ ಬಗ್ಗೆ ಅವರೇನಂತಾರೆ ಅಂತ ಬೇಕು."

ಅಂಥವನು ಒಬ್ಬನೇ ಉಳಿದಿದ್ದ, ತಮ್ಮ. ಎರಡು ಬೀದಿ ಆಚೆ ಅವನ ಕ್ಷೌರದಂಗಡಿ. ಗಿರಾಕಿಯ ಕೆನ್ನೆಯ ನೊರೆ ಆರುವುದರೊಳಗೆ ಅರವತ್ತಕ್ಕೂ ಸುತ್ತು ಹಾಕಿ, ಕಾಗದದ ಮೇಲೆ ಬಿದ್ದ ಕೂದಲನ್ನು ಉಫ್ ಎಂದು ಊದಿ ಕೊಟ್ಟ.

ವಾರದ ನಂತರ ಹುಡುಗಿ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟಳು. "ನೀವಿಬ್ರೂ ಹೆಚ್ಚೂಕಮ್ಮಿ ಒಂದೇ ಥರ ಬರೆದಿದ್ದೀರಿ. ಹದಿನೇಳನೇದು ಮಾತ್ರ ನೋಡಿ."

'ಗೊತ್ತಿಲ್ಲದ ಕಡೆಗೆ ಹೋಗುವುದೆಂದರೆ ನನ್ನ ಮನಸ್ಸು ಕುಣಿಯುತ್ತದೆ.' ಅವಳು ಒಂದಕ್ಕೆ ಸುತ್ತು ಹಾಕಿದ್ದಳು. ತಮ್ಮ ಅವಳ ಬಗ್ಗೆ ಐದಕ್ಕೆ, ಅದೂ ಕಾಗದ ಹರಿಯುವಷ್ಟು ಒತ್ತಿ.

"ಯಾವುದು ಸರಿ?"

"ಅದನ್ನ ಫಾರಂ ಹೇಳಲ್ಲ ಅಕ್ಕ. ಎಷ್ಟು ಅಂತ ಹೇಳುತ್ತೆ, ಯಾಕೆ ಅಂತ ಹೇಳಲ್ಲ." ಹುಡುಗಿ ಪೆನ್ಸಿಲ್ ಕಚ್ಚಿದಳು. "ನಮ್ಮ ಮೇಷ್ಟ್ರು ಕೂಡ ಅಲ್ಲಿಗೆ ಬಂದ್ರೆ ಮಾತು ಬದಲಾಯಿಸ್ತಾರೆ."

ಪಾಳಿ ಮುಗಿದದ್ದೇ ಆಮೆಯಕ್ಕ ಅಂಗಡಿಗೆ ಹೋದಳು. "ಏನೋ ಇದು, ನಂಗೆ ಐದು ಹಾಕಿದ್ದೀಯ? ಊರೂರು ಅಲೆಯೋ ಹುಚ್ಚು ನಿಂದು. ಚಿಕ್ಕೋನಿದ್ದಾಗ ರೈಲು ಹತ್ತಿ ಕೂತೋನು ನೀನು. ಇಳಿಸಕ್ಕೆ ಅಂತ ನಾನು ಹತ್ತಿದೆ."

ತಮ್ಮನ ಕತ್ತರಿ ನಿಂತಿತು. "ನಂಗಾಗ ಐದು ವರ್ಷ ಅಕ್ಕ. ರೈಲಿನ ಮೆಟ್ಟಿಲು ನನ್ನ ಎದೆಯೆತ್ತರ ಇತ್ತು. ನೀನೇ ಎತ್ತಿ ಒಳಗೆ ಹಾಕಿದೆ. ಹಳಿ ಎಲ್ಲಿ ಮುಗಿಯುತ್ತೆ ನೋಡೋಣ ಬಾ ಅಂದೆ. ಮೂರನೇ ಸ್ಟೇಷನ್ನಲ್ಲಿ ನಮ್ಮನ್ನ ಹಿಡಿದು ಇಳಿಸಿದ್ರು."

"ಮನೇಲಿ ಎಲ್ಲರೂ ನೀನೇ ಅಂತಾರಲ್ಲೋ!"

"ಅಪ್ಪ ಬೆಲ್ಟ್ ಬಿಚ್ಚಿದ್ರು. ನಾನೇ ಹತ್ತಿದ್ದು ಅಂದುಬಿಟ್ಟೆ. ಚಿಕ್ಕೋನಿಗೆ ಹೊಡೆಯಲ್ಲ ಅನ್ಕೊಂಡೆ. ಹೊಡೆದ್ರು." ಅವನು ನಕ್ಕ. ಕುರ್ಚಿಯಲ್ಲಿದ್ದ ಗಿರಾಕಿ ಕನ್ನಡಿಯೊಳಗಿಂದ ಆಮೆಯಕ್ಕನನ್ನು ಕಣ್ಣರಳಿಸಿ ನೋಡಿದ.

ಅವಳಿಗೆ ಏನೂ ನೆನಪಾಗಲಿಲ್ಲ. ಆದರೆ ಮನೆಗೆ ನಡೆಯುವಾಗ ತೋಳಿನಲ್ಲಿ ಒಂದು ತೂಕ ಬಂದು ಕುಳಿತಿತು. ಒದ್ದಾಡುವ, ಬೆವರಿದ, ನಗುವ ಪುಟ್ಟ ದೇಹದ ತೂಕ. ವಾರವಿಡೀ ಅದು ಇಳಿಯಲಿಲ್ಲ. ಯಂತ್ರದಿಂದ ಹಾಸುಗಳು ಹರಿದು ಬರುತ್ತಲೇ ಇದ್ದವು. ಅವುಗಳ ಆ ತುದಿಯಲ್ಲಿ ಯಾವುದೋ ಬಯಲು, ಬಯಲಿನ ಮೇಲೆ ಮೋಡದ ನೆರಳು. ಮಡಚುವುದನ್ನು ಮರೆತು ನಿಂತಳು. ಹಾಸುಗಳು ಕಾಲ ಬಳಿ ರಾಶಿ ಬಿದ್ದವು.

ರಜೆಯ ದಿನ ಬೆಳಗಿನ ರೈಲು ಹತ್ತಿದಳು. ಟಿಕೆಟ್ ಕೊಡುವವನು ಎಲ್ಲಿಗೆ ಎಂದಾಗ, "ಕೊನೇವರೆಗೂ" ಎಂದಿದ್ದಳು. ಒಂದೊಂದೇ ನಿಲ್ದಾಣಕ್ಕೆ ಜನ ಇಳಿದುಹೋದರು. ಬೋಗಿಯೊಳಗೆ ಅವಳೂ ಬಿಸಿಲೂ ಉಳಿದು, ಇಬ್ಬರೂ ತೂಕಡಿಸಿದರು.

ಕೊನೆಯ ನಿಲ್ದಾಣದಾಚೆ ಹಳಿಗಳು ಒಂದು ಮರದ ದಿಮ್ಮಿಗೆ ತಾಗಿ ನಿಂತಿದ್ದವು. ಹಳಿ ಕಾಯುವವನೊಬ್ಬ ಬಂದು, "ಯಾರನ್ನ ನೋಡ್ಬೇಕಿತ್ತಮ್ಮ?" ಎಂದ.

"ಯಾರನ್ನೂ ಇಲ್ಲಪ್ಪ. ಇದನ್ನೇ."

ಅವಳೆಲ್ಲಿ ಎತ್ತಿಕೊಂಡು ಹೋಗುತ್ತಾಳೋ ಎಂಬಂತೆ ಅವನು ಹಳಿಯನ್ನೊಮ್ಮೆ ದಿಟ್ಟಿಸಿದ.

ಅವಳು ತಮ್ಮನಿಗೆ ಫೋನ್ ಮಾಡಿದಳು. "ಹಳಿ ಮುಗಿಯೋ ಕಡೆ ಇದ್ದೀನಿ ಕಣೋ."

"ಏನಿದೆ ಅಲ್ಲಿ?"

"ಹುಲ್ಲು." ಅವಳು ದಿಮ್ಮಿಯ ಮೇಲೆ ಕುಳಿತಳು. "ಆ ಏಟು ನಂದು ಕಣೋ."

"ಈಗ ವಾಪಸ್ ಕೊಡಕ್ಕೆ ಬರಲ್ಲ, ಬಿಡು. ಹೆದರಿಕೆ ಆಗ್ತಿಲ್ವಾ?"

"ಆಗ್ತಿದೆ. ಆದ್ರೂ ಚೆನ್ನಾಗಿದೆ."

ವಾಪಸಿನ ರೈಲಿಗೆ ಇನ್ನೂ ಮೂರು ಗಂಟೆಯಿತ್ತು. ದಿಮ್ಮಿಯ ಹಿಂದಿನಿಂದ ಒಂದು ಕಾಲುದಾರಿ ಹುಲ್ಲನ್ನು ಸೀಳಿ ಹೊರಟಿತ್ತು. ಅದು ಎಲ್ಲಿಗೆ ಹೋಗುತ್ತದೆಂದು ಕೇಳಲು ಬಾಯಿ ತೆರೆದವಳು, ಬೇಡವೆನಿಸಿ, ಚೀಲವನ್ನು ಹೆಗಲಿಗೇರಿಸಿ ನಡೆದಳು.