ಒಂಬತ್ತನೇ ಮನೆಯ ಗುಂಡಿ

ನಮ್ಮ ಓಣಿಗೆ ಬೆಂಕಿ ಇರುವೆ ತಂದವನು ಎಟ್ಸನ್ ಎಂದು ಮೊದಲು ಹೇಳಿದವಳು ನಾನೇ. ಯಾರೂ ಕೇಳಿರಲಿಲ್ಲ. ಕೇಳದಿದ್ದರೂ ಹೇಳುವುದು ನನ್ನ ಅಭ್ಯಾಸ. ಇಪ್ಪತ್ತೆಂಟು ವರ್ಷ ಶಾಲೆಯ ಬಸ್ ಓಡಿಸಿದವಳು ನಾನು. ಹಿಂದಿನ ಸೀಟಿನಲ್ಲಿ ಯಾರು ಯಾರ ಜಡೆ ಎಳೆದರೆಂದು ತಿರುಗಿ ನೋಡದೆಯೇ ಹೇಳಬಲ್ಲೆ ಎಂಬ ಜಂಬ ನನ್ನದು.

ನಮ್ಮ ದ್ವೀಪದ ಹಿಲೋ ಪಟ್ಟಣದಿಂದ ಉತ್ತರಕ್ಕೆ, ಹಿಂದೆ ಕಬ್ಬು ಬೆಳೆಯುತ್ತಿದ್ದ ಇಳಿಜಾರಿನಲ್ಲಿ ನಮ್ಮ ಒಂಬತ್ತು ಮನೆಗಳಿವೆ, ಮನೆಗೆ ಎರಡೆರಡು ಎಕರೆ. ಕಾಟ ನಮಗೆ ಹೊಸದಲ್ಲ. ಕಾಡುಹಂದಿ ಗೆಣಸಿನ ಮಡಿಯನ್ನೆಲ್ಲ ಉತ್ತು ಹಾಕಿ ಹೋಗುತ್ತದೆ. ಮುಂಗುಸಿ ಕೋಳಿಗೂಡಿಗೆ ನುಗ್ಗುತ್ತದೆ. ಬೂಟು ಕೊಡವದೆ ಹಾಕಿಕೊಂಡರೆ ಒಳಗೆ ಗೇಣುದ್ದದ ಜರಿ. ಆದರೆ ಅವೆಲ್ಲ ಕಣ್ಣಿಗೆ ಕಾಣುತ್ತವೆ, ಬೈಯುವುದಕ್ಕಾದರೂ ಬರುತ್ತದೆ. ಈ ಇರುವೆ ಹಾಗಲ್ಲ. ಎಳ್ಳಿನ ಅರ್ಧದಷ್ಟೂ ಇಲ್ಲ, ಜೇನಿನ ಬಣ್ಣ. ಮರದ ಮೇಲೇ ಅದರ ಸಂಸಾರ. ಕೊಂಬೆ ಮುಟ್ಟಿದರೆ ಸಾಕು, ಕತ್ತಿನೊಳಕ್ಕೆ ಉದುರುತ್ತದೆ. ಆಮೇಲೆ ವಾರವಿಡೀ ಉರಿ.

ಎದುರು ಮನೆಯ ನೆನಿತಾಳಿಗೆ ಲಿಚಿ ಕೀಳುವಾಗ ಹಾಗೇ ಆಯಿತು. ಅದಕ್ಕಿಂತ ಹೆಚ್ಚಾಗಿ ಅವಳನ್ನು ಸುಟ್ಟಿದ್ದು ಅವಳ ನಾಯಿ ಮೊಕುವಿನ ಕಣ್ಣು. ಹದಿಮೂರು ವರ್ಷದ ನಾಯಿ, ಒಂದು ಕಣ್ಣಿಗೆ ಆಗಲೇ ಹಾಲಿನಂಥ ಪೊರೆ ಬಂದಿತ್ತು, ಇನ್ನೊಂದಕ್ಕೆ ಶುರುವಾಗಿತ್ತು. ಇರುವೆ ಕಚ್ಚಿ ಕಚ್ಚಿ ಹೀಗಾಗಿದೆ ಎಂದು ದನದ ಡಾಕ್ಟರು ಹೇಳಿದ್ದರು.

"ಇದೇನು ತಾನಾಗೇ ಹಾರ್ಕೊಂಡು ಬರತ್ತೇನೇ ವರ್ನಾ? ಯಾರೋ ತಂದು ಹಾಕಿದಾರೆ," ಎಂದಳು ನೆನಿತಾ, ಕುತ್ತಿಗೆಗೆ ಐಸ್ ಒತ್ತಿಕೊಂಡು. "ಯಾರು ಅಂತ ಗೊತ್ತಾಗ್ಲಿ, ಜನ್ಮದಲ್ಲಿ ಅವರ ಮುಖ ನೋಡಲ್ಲ. ಸತ್ತರೆ ಮಣ್ಣಿಗೂ ಹೋಗಲ್ಲ."

ನೆನಿತಾ ಬಾಯಿ ಮಾತಿಗೆ ಹೇಳುವವಳಲ್ಲ. ಒಂದು ಹಂದಿಯ ಸಲುವಾಗಿ ಒಡಹುಟ್ಟಿದ ತಮ್ಮನ ಜೊತೆ ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದಾಳೆ.

"ಯಾರು ಅಂತ ಬೇರೆ ಕೇಳ್ಬೇಕಾ?" ಎಂದು ನಾನು ಓಣಿಯ ತುದಿಗೆ ಗದ್ದ ತೋರಿಸಿದೆ.

ಎಟ್ಸನ್ ಪೋನ್‌ಪೇ ದ್ವೀಪದವನು. ತುದಿಯ ಒಂಬತ್ತನೇ ಮನೆಗೆ ಬಂದು ಎರಡು ವರ್ಷವಾಗಿತ್ತು. ಅವನ ಗಾಡಿ ಯಾವಾಗಲೂ ಟಾರ್ಪಾಲು ಹೊದ್ದೇ ಬರುತ್ತಿತ್ತು. ಒದ್ದೆ ಗೋಣಿಯಲ್ಲಿ ಸುತ್ತಿದ ಬೇರು, ಬಾಳೆಕಂದು, ಎಲ್ಲಿಂದಲೋ ತಂದ ಮಣ್ಣು. ಇದಕ್ಕಿಂತ ವಿಚಿತ್ರವೆಂದರೆ ಅವನ ಗೇಟಿನ ಪಕ್ಕದ ಗುಂಡಿ. ಬಂದ ವಾರದಲ್ಲೇ ತೋಡಿದ್ದ, ಸುತ್ತ ಕಪ್ಪು ಕಲ್ಲು ಜೋಡಿಸಿದ್ದ. ಅದರಲ್ಲಿ ಏನೂ ನೆಟ್ಟಿರಲಿಲ್ಲ, ಮುಚ್ಚಿಯೂ ಇರಲಿಲ್ಲ. ಶನಿವಾರ ಶನಿವಾರ ಕೂತು ಅದರೊಳಗಿನ ಕಳೆ ಕೀಳುತ್ತಿದ್ದ. ಖಾಲಿ ಗುಂಡಿಗೆ ಇಷ್ಟು ಸೇವೆ ಮಾಡುವವನ ಮನಸ್ಸಿನಲ್ಲಿ ಏನೋ ಇರಲೇಬೇಕು ಎಂದು ಹಕ್ಕಿ ನೋಡುವ ದುರ್ಬೀನು ಹಿಡಿದು ಎಷ್ಟೋ ಸಲ ನೋಡಿದ್ದೆ.

ಓಣಿಗೆ ಯಾರೇ ಬಂದರೂ ನನ್ನ ಮನೆಯ ದುಂಡುಮಲ್ಲಿಗೆ ಕುಂಡವೊಂದು ಅವರ ಗೇಟಿಗೆ ಹೋಗುವುದು ರೂಢಿ. ಮೂರು ವರ್ಷದ ಹಿಂದೆ ಬಿರುಗಾಳಿಗೆ ಹಳೆಯ ಗಿಡಗಳೆಲ್ಲ ಹೋದಾಗ ಎಲ್ಲ ಮನೆಗೂ ಹೊಸದು ಮಾಡಿ ಕೊಟ್ಟವಳೂ ನಾನೇ. ಎಟ್ಸನ್‌ಗೆ ಮಾತ್ರ ಕೊಟ್ಟಿರಲಿಲ್ಲ. ಎಂಥವನೋ ಏನೋ, ನೋಡೋಣ ಎಂದುಕೊಂಡಿದ್ದೆ. ನೋಡುತ್ತಲೇ ಎರಡು ವರ್ಷ ಕಳೆಯಿತು.

ಇರುವೆ ಹತೋಟಿಯ ಸರ್ಕಾರಿ ಕಚೇರಿಯವರು ಪಟ್ಟಣದಿಂದ ಬಂದು ಪರೀಕ್ಷೆಯ ವಿಧಾನ ಹೇಳಿಕೊಟ್ಟು ಹೋದರು. ಊಟ ಮಾಡುವ ಚಾಪ್ ಸ್ಟಿಕ್ ಕಡ್ಡಿಯ ತುದಿಗೆ ತೆಳ್ಳಗೆ ಕಡಲೆಕಾಯಿ ಬೆಣ್ಣೆ ಸವರಿ, ಮನೆಗೆ ಐದರಂತೆ ನೆರಳಲ್ಲಿ ಇಡಬೇಕು. ಒಂದು ಗಂಟೆಯ ಮೇಲೆ ಚೀಲಕ್ಕೆ ಹಾಕಿ ಫ್ರೀಜರಿನಲ್ಲಿಟ್ಟು, ಮಾರನೆಯ ದಿನ ತಲುಪಿಸಬೇಕು. ಯಾವ ಮನೆಯ ಐದೂ ಕಡ್ಡಿ ತುಂಬಿರುತ್ತವೋ ಅಲ್ಲಿಂದಲೇ ಹರಡಿದೆ ಎಂದು ತಿಳಿಯಿರಿ ಎಂದರು. ಚೀಲ ಒಟ್ಟುಮಾಡುವ ಕೆಲಸ ನನಗೆ ಬಿತ್ತು. ನಾನೇ ಮೈಮೇಲೆ ಎಳೆದುಕೊಂಡೆ ಎಂದರೂ ತಪ್ಪಿಲ್ಲ.

ಏಳು ಮನೆಗಳಲ್ಲಿ ಒಂದೋ ಎರಡೋ ಕಡ್ಡಿಗೆ ಇರುವೆ ಹತ್ತಿತ್ತು, ಅದೂ ಗೇಟಿನ ಹತ್ತಿರ ಇಟ್ಟವಕ್ಕೆ. ಎಟ್ಸನ್ ಕೊಟ್ಟ ಐದೂ ಕಡ್ಡಿ ಖಾಲಿ.

"ಸರಿಯಾಗಿ ಇಟ್ಟಿದ್ಯೇನಪ್ಪ? ಬೆಣ್ಣೆ ಹಳಸಿದ್ದಲ್ಲ ತಾನೆ?"

"ನೀವೇ ಕೊಟ್ಟಿದ್ದಲ್ವಾ ಆಂಟಿ."

"ಬಿಸಿಲಲ್ಲಿ ಇಟ್ಟಿರ್ತೀಯ. ಕೊಡು ಇಲ್ಲಿ, ನಾನೇ ಇಡ್ತೀನಿ."

ಅವನ ಬಾಳೆಯ ಬುಡ, ಹಲಸಿನ ಬುಡ, ಆ ಗುಂಡಿಯ ಪಕ್ಕ, ಎಲ್ಲ ಕಡೆ ನಾನೇ ಇಟ್ಟು ಒಂದು ಗಂಟೆ ಅಲ್ಲೇ ಕಾವಲು ಕೂತೆ. ಅವನು ಎಳನೀರು ಕೆತ್ತಿ ತಂದಿಟ್ಟ. ನಾನು ಮುಟ್ಟಲಿಲ್ಲ. ಒಂದು ಇರುವೆಯೂ ಬರಲಿಲ್ಲ.

"ನಿಮ್ಮನೇಲಿ ಇಟ್ರಾ ಆಂಟಿ?" ಎಂದ ಅವನು, ಮೆಲ್ಲಗೆ.

"ನಮ್ಮನೇಲಿ ಯಾಕಪ್ಪ ಬರತ್ತೆ?" ಎಂದು ರೇಗಿ ಎದ್ದು ಬಂದೆ.

ಹಾಗೆಂದವಳ ಮೊಣಕೈ ಮೇಲೆ ಒಂದು ವರ್ಷದಿಂದ ದದ್ದು ಇತ್ತು. ಹಂದಿಯ ಹೇನು ಎಂದುಕೊಂಡಿದ್ದೆ, ಸೋಪನ್ನು ಬೈದಿದ್ದೆ, ಮೂರು ಸೋಪು ಬದಲಾಯಿಸಿಯೂ ಆಗಿತ್ತು.

ಅವನ ಬಾಯಿ ಮುಚ್ಚಿಸಲೆಂದೇ ಕುಂಡಗಳ ಚಪ್ಪರದಡಿ ಐದು ಕಡ್ಡಿ ಇಟ್ಟೆ. ಒಂದು ಗಂಟೆಯೂ ಬೇಕಾಗಲಿಲ್ಲ. ಇಪ್ಪತ್ತು ನಿಮಿಷಕ್ಕೆ ಹೋಗಿ ನೋಡಿದರೆ ಕಡ್ಡಿಯ ತುದಿಯಲ್ಲಿ ಬೆಣ್ಣೆಯೇ ಕಾಣುತ್ತಿರಲಿಲ್ಲ. ಐದಕ್ಕೆ ಐದೂ ಕಿತ್ತಳೆ ಬಣ್ಣದಲ್ಲಿ ಮಿಜಿಗುಡುತ್ತಿದ್ದವು. ಬಿರುಗಾಳಿಯ ಮಾರನೆಯ ತಿಂಗಳು ರಸ್ತೆ ಬದಿಯ ಲಾರಿಯವನೊಬ್ಬನಿಂದ ಮಣ್ಣು ತರಿಸಿದ್ದು ನೆನಪಾಯಿತು. ಆ ಮಣ್ಣಲ್ಲೇ ಓಣಿಗೆಲ್ಲ ಕುಂಡ ತುಂಬಿ ಹಂಚಿದ್ದೆ.

ಚೀಲದ ಮೇಲೆ ಮನೆಯ ನಂಬರ್ ಬರೆಯಬೇಕಿತ್ತು. ನನ್ನದು ನಾಲ್ಕು. ಪೆನ್ನು ಹಿಡಿದು ಬಹಳ ಹೊತ್ತು ನಿಂತೆ. ನೆನಿತಾಳ ಮುಖ ಕಣ್ಣ ಮುಂದೆ ಬಂತು. ಮೂವತ್ತೊಂದು ವರ್ಷ ದಿನಾ ಬೆಳಿಗ್ಗೆ ಎದುರಿಗೆ ಕೂತು ಕಾಫಿ ಕುಡಿದ ಮುಖ. ಒಂಬತ್ತು ಎಂದು ಬರೆದೆ. ಎಟ್ಸನ್‌ನ ಖಾಲಿ ಕಡ್ಡಿಗಳ ಚೀಲಕ್ಕೆ ನಾಲ್ಕು ಎಂದು ಬರೆದೆ. ಎರಡನ್ನೂ ಫ್ರೀಜರಿನಲ್ಲಿ ಮೀನಿನ ಪಕ್ಕ ತುರುಕಿ ಬಾಗಿಲು ಹಾಕಿದೆ. ನಾಚಿಕೆಯಾಯಿತು. ಆದರೂ ತೆಗೆದು ತಿದ್ದಲಿಲ್ಲ.

ಬೆಳಿಗ್ಗೆ ಪಟ್ಟಣಕ್ಕೆ ಜೊತೆಗೆ ಬರುತ್ತೇನೆಂದು ನೆನಿತಾ ಬಂದಳು. ನಾನು ಚಪ್ಪಲಿ ಹುಡುಕುವಷ್ಟರಲ್ಲಿ ಫ್ರೀಜರ್ ತೆಗೆದು ಚೀಲಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದ್ದಳು.

"ಒಂಬತ್ತು! ಐದೂ ತುಂಬಿದೆ! ನೀನು ಹೇಳಿದ್ದು ನೂರಕ್ಕೆ ನೂರು ನಿಜ ಕಣೇ!" ಎಂದವಳು ಚೀಲ ಹಿಡಿದುಕೊಂಡೇ ಓಣಿಯ ತುದಿಗೆ ಓಡಿದಳು.

"ನೆನಿತಾ, ತಡಿಯೇ! ಮೊದಲು ಕಚೇರಿಗೆ ಕೊಡೋಣ!" ಎಂದು ಒಂದೇ ಚಪ್ಪಲಿಯಲ್ಲಿ ಹಿಂದೆ ಓಡಿದೆ.

ನಾನು ಮುಟ್ಟುವಷ್ಟರಲ್ಲಿ ಅವಳು ಗೇಟು ಹಿಡಿದು ಅಲುಗಿಸುತ್ತಿದ್ದಳು. "ನನ್ನ ನಾಯಿ ಕಣ್ಣು ತೆಗೆದೆಯಲ್ಲೋ! ಏನು ಹೇಳ್ತೀಯ ಇದಕ್ಕೆ?"

ಎಟ್ಸನ್ ಕೈಯ ಮಣ್ಣು ಒರೆಸಿಕೊಳ್ಳುತ್ತ ಬಂದು ಚೀಲ ನೋಡಿದ. ಆಮೇಲೆ ನನ್ನ ಕಡೆ ನೋಡಿದ.

"ಆಂಟಿ ಇಲ್ಲೇ ಕೂತು ಎರಡನೇ ಸಲ ಇಟ್ರಲ್ಲ. ಎರಡು ಸಲಾನೂ ಖಾಲಿ ಇತ್ತು. ಅವರನ್ನೇ ಕೇಳಿ."

ನಾನು ನೆಲ ನೋಡಿದೆ.

"ಹಾಗಾದ್ರೆ ಆ ಗುಂಡಿ ಏನೋ?" ಎಂದಳು ನೆನಿತಾ. "ಅದರಲ್ಲಿ ಏನು ತಂದು ಇಟ್ಟಿದ್ದೆ? ಏನು ಕಿತ್ತು ಮುಚ್ಚಿಟ್ಟೆ? ಎರಡು ವರ್ಷದಿಂದ ನೋಡ್ತಿದೀವಿ!"

ಅವನ ಮುಖ ಕೆಂಪಾಯಿತು. "ಅದರಲ್ಲಿ ಏನೂ ಇಟ್ಟಿಲ್ಲ. ಹೊಸಬರು ಬಂದ್ರೆ ವರ್ನಾ ಆಂಟಿ ಮಲ್ಲಿಗೆ ಗಿಡ ಕೊಡ್ತಾರೆ, ಗೇಟಿನ ಹತ್ರ ನೆಡ್ಬೇಕು ಅಂತ ಮೊದಲನೇ ದಿನ ನೀವೇ ಹೇಳಿದ್ರಿ. ಆಂಟಿ ಬಂದಾಗ ರೆಡಿ ಇರ್ಲಿ ಅಂತ ತೋಡಿದ್ದೆ."

ನೆನಿತಾ ಗೇಟಿನಿಂದ ಕೈ ತೆಗೆದಳು. ನನಗೆ ನಿಂತಲ್ಲೇ ಕುಸಿದು ಆ ಗುಂಡಿಯೊಳಗೇ ಕೂರೋಣ ಎನ್ನಿಸಿತು. ಓಣಿಯಲ್ಲಿ ಎಂಟು ಗೇಟಿನ ಪಕ್ಕ ನನ್ನ ಮಲ್ಲಿಗೆ ಇತ್ತು, ಎಂಟರಲ್ಲೂ ಇರುವೆ ಇತ್ತು. ನಾನು ಲಕ್ಷ್ಯ ಮಾಡದೆ ಬಿಟ್ಟ ಮನೆಯೊಂದೇ ಚೊಕ್ಕವಾಗಿ ಉಳಿದಿತ್ತು.

"ಅದು ಅವನ ಚೀಲ ಅಲ್ಲ ಕಣೇ," ಎಂದೆ. "ನಂದು. ನಂಬರ್ ನಾನೇ ಬದಲಾಯಿಸಿದೆ. ನನ್ನ ಕುಂಡದ ಮಣ್ಣಲ್ಲೇ ಬಂದಿರೋದು."

ನೆನಿತಾ ಚೀಲವನ್ನೂ ನನ್ನನ್ನೂ ನೋಡಿದಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಮೊಕು ದಿನಾ ಮಲಗೋದು ಆ ಮಲ್ಲಿಗೆ ಬುಡದಲ್ಲೇ," ಎಂದಳು. ಚೀಲವನ್ನು ನನ್ನ ಕೈಗಿಟ್ಟು ಮನೆಗೆ ಹೋದಳು.

ಅವತ್ತೇ ಉಳಿದ ಮನೆಗಳಿಗೂ ಹೋಗಿ ನನ್ನ ಬಾಯಲ್ಲೇ ಹೇಳಿದೆ. ಈಗ ಆರು ವಾರಕ್ಕೊಮ್ಮೆ ಮದ್ದಿನ ಪಂಪು ಬೆನ್ನಿಗೆ ಕಟ್ಟಿಕೊಂಡು ಎಂಟು ಮನೆಯ ಮರಗಳಿಗೂ ನಾನೇ ಹೊಡೆಯುತ್ತೇನೆ. ಮದ್ದು ಕಲಸಿಕೊಡುವವನು ಎಟ್ಸನ್. ಅವನ ಗುಂಡಿ ಇನ್ನೂ ಖಾಲಿ ಇದೆ, ಶನಿವಾರದ ಕಳೆ ಕೀಳುವುದೂ ನಿಂತಿಲ್ಲ.

ನಾನು ಬರುವ ದಿನ ನೆನಿತಾ ಗೇಟಿನ ಚಿಲಕ ತೆಗೆದಿಟ್ಟು ಒಳಗೆ ಹೋಗಿ ಪರದೆ ಎಳೆಯುತ್ತಾಳೆ. ಎಂಟು ತಿಂಗಳಾಯಿತು, ಒಂದು ಮಾತಿಲ್ಲ. ಮೊಕುವಿಗೆ ಈಗ ಎರಡೂ ಕಣ್ಣಿಲ್ಲ. ನನ್ನ ಚಪ್ಪಲಿಯ ಸದ್ದು ಕೇಳಿದರೆ ಸಾಕು, ಗೋಡೆಗೆ ಮೈ ತಾಗಿಸಿಕೊಂಡು ದಾರಿ ಹುಡುಕುತ್ತ, ಬಾಲ ಅಲ್ಲಾಡಿಸಿಕೊಂಡು ನನ್ನ ಹತ್ತಿರ ಬರುತ್ತದೆ.