ಎಡಗೈಯ ಗೋಡೆ

ಒಂದು ತಿಂಗಳಲ್ಲಿ ಮನೆ ಖಾಲಿ ಮಾಡಬೇಕು ಎಂದಾಗ ಬೇರೆ ಯಾರಾದರೂ ಹಗ್ಗ, ಗೋಣಿಚೀಲ, ರಟ್ಟಿನ ಪೆಟ್ಟಿಗೆ ಎಂದು ಹುಡುಕಿಕೊಂಡು ಹೊರಡುತ್ತಿದ್ದರು. ಟೈಲರಮ್ಮ ಮಾತ್ರ ಸದಾ ಕೊರಳಲ್ಲಿ ನೇತಾಡುವ ಅಳತೆ ಟೇಪನ್ನು ಕೈಗೆ ತೆಗೆದುಕೊಂಡು, ನೆಲಕ್ಕೆ ಮಂಡಿಯೂರಿ, ಮಾವನ ಮಂಚದ ಕಾಲಿನಿಂದ ಹಿತ್ತಿಲ ಬಾಗಿಲವರೆಗೆ ಅಳೆಯಲು ಕೂತಳು.

"ಏನೇ ಇದು, ಮನೆಗೇ ಅಂಗಿ ಹೊಲೀತೀಯೇನು?" ಎಂದ ಅವಳ ಗಂಡ. ಲಾರಿ ಓಡಿಸುವವನು. ವಾರದಲ್ಲಿ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು.

"ಹೂಂ, ಹೊಲೀತೀನಿ. ನೀವು ಗಾಡಿ ತನ್ನಿ ಸಾಕು. ಮಿಕ್ಕಿದ್ದು ನನಗೆ ಬಿಡಿ."

ಅವಳು ಅಳೆಯುತ್ತಿದ್ದುದು ಏನೆಂದು ಗಂಡನಿಗೂ ಗೊತ್ತಿತ್ತು.

ಮಾವನ ಕಣ್ಣು ಹೋಗಿ ಏಳು ವರ್ಷವಾಗಿತ್ತು. ಅದಕ್ಕೆ ಮೊದಲು ನಲವತ್ತು ವರ್ಷ ಬಡಗಿಯ ಕೆಲಸ ಮಾಡಿದ ಜೀವ. ಕಣ್ಣು ಪೂರ್ತಿ ಆರಿದ ದಿನ ಮಗ ಹತ್ತಿರ ಹೋಗಿ ಕೈ ಹಿಡಿದರೆ, ಕೊಡವಿಕೊಂಡಿದ್ದರು. "ಇವತ್ತು ಕೈ ಹಿಡೀತೀಯ, ನಾಳೆ ಎತ್ತಿ ಕೂರಿಸ್ತೀಯ, ನಾಡಿದ್ದು ಬಾಯಿಗೆ ತುತ್ತು ಇಡ್ತೀಯ. ಬೇಡ ಮಾರಾಯ. ಬಿದ್ರೆ ನಾನೇ ಬೀಳ್ತೀನಿ." ಬಿದ್ದರು, ಎದ್ದರು, ಮತ್ತೆ ಬಿದ್ದರು. ಒಂದೆರಡು ತಿಂಗಳಲ್ಲಿ ಆ ಮನೆ ಅವರಿಗೆ ಬಾಯಿಪಾಠವಾಯಿತು.

ಅವರ ಬಲಗೈ ಬೆರಳುಗಳು ಉಳಿ, ಸುತ್ತಿಗೆ ಹಿಡಿದೂ ಹಿಡಿದೂ ಕಾಯಿಗಟ್ಟಿ ಮಂದವಾಗಿದ್ದವು. ಎಡಗೈ ಹಾಗಲ್ಲ. ಹಲಗೆ ನುಣುಪಾಯಿತೋ ಇಲ್ಲವೋ ಎಂದು ಸವರಿ ನೋಡುತ್ತಿದ್ದ ಕೈ ಅದು. ದೇವರು ಒಂದು ಕಡೆಯಿಂದ ತೆಗೆದದ್ದನ್ನು ಇನ್ನೊಂದು ಕಡೆ ಸ್ವಲ್ಪವಾದರೂ ಇಟ್ಟೇ ಇರುತ್ತಾನೆ. ಮಾವನ ಪಾಲಿಗೆ ಅವನು ಇಟ್ಟದ್ದು ಆ ಎಡಗೈಯ ಐದು ಬೆರಳುಗಳಲ್ಲಿ. ಮಂಚದಿಂದ ಎದ್ದರೆ ಎಡಗೈ ಗೋಡೆಗೆ. ಹನ್ನೊಂದು ಹೆಜ್ಜೆ. ಅಲ್ಲಿ ಎಡಕ್ಕೆ ತಿರುಗಿದರೆ ಹಿತ್ತಿಲ ಬಾಗಿಲು, ಆಚೆ ಬಚ್ಚಲು. ಬರುವಾಗ ಎದುರು ಬದಿಯ ಸಾಮಾನುಗಳು ಅದೇ ಎಡಗೈಗೆ ಒಂದೊಂದಾಗಿ ಸಿಗುತ್ತಿದ್ದವು: ನೀರಿನ ಡ್ರಮ್ಮು, ಬೀರು, ಸೊಸೆಯ ಹೊಲಿಗೆ ಯಂತ್ರ. ಗೋಡೆಯ ಮೇಲೆ ಸೊಂಟದೆತ್ತರಕ್ಕೆ ಏಳು ವರ್ಷ ಅಂಗೈ ಸವರಿದ ಗುರುತು ಕಂದು ಬಣ್ಣದ ಪಟ್ಟಿಯಾಗಿ ಹೊಳೆಯುತ್ತಿತ್ತು. ಬಂದವರು ಅದನ್ನು ಕೊಳೆ ಎಂದುಕೊಳ್ಳುತ್ತಿದ್ದರು. ಟೈಲರಮ್ಮ ಎಂದೂ ಅದನ್ನು ಒರೆಸಿದವಳಲ್ಲ, ಸುಣ್ಣ ಹೊಡೆಸಿದಾಗಲೂ ಅಷ್ಟು ಜಾಗ ಬಿಡಿಸಿದ್ದಳು.

ಈಗ ಮನೆಯ ಯಜಮಾನರು ಆ ಮನೆ ಕೆಡವಿ ಹೊಸದಾಗಿ ಕಟ್ಟಿಸುವವರಿದ್ದರು. ಒಳ್ಳೆಯ ಮನುಷ್ಯರೇ, ತಿಂಗಳು ಮುಂಚೆ ಹೇಳಿದ್ದರು. ಮೂರು ಬೀದಿ ಆಚೆ, ನಾಲ್ಕು ಮನೆಗಳ ಒಂದು ಸಾಲಿನಲ್ಲಿ ಬಾಡಿಗೆಗೆ ಜಾಗ ಸಿಕ್ಕಿತ್ತು. ಗಾಳಿ, ಬೆಳಕು, ನೀರು ಎಲ್ಲ ಚೆನ್ನಾಗಿತ್ತು. ಆದರೆ ಅಲ್ಲಿ ಮಾವ ನಡೆದಾಡುತ್ತಾರೋ, ಕೂತಲ್ಲೇ ಕೂತುಬಿಡುತ್ತಾರೋ? ಟೈಲರಮ್ಮನ ಎದೆಯಲ್ಲಿ ಇದ್ದದ್ದು ಇದೊಂದೇ. ಮಿಕ್ಕದ್ದೆಲ್ಲ ಹೊತ್ತು ಹಾಕುವ ಸಾಮಾನು.

ಅವಳ ಬಳಿ ಅಂಗಿ ಹೊಲಿಸಲು ಬರುವವರು ಅಳತೆಗೆಂದು ಹಳೆಯದೊಂದು ಅಂಗಿ ತಂದು ಕೊಡುತ್ತಿದ್ದರು. ಮೈಗೆ ಕೂತದ್ದನ್ನು ಮುಂದಿಟ್ಟುಕೊಂಡು ಹೊಸದನ್ನು ಕತ್ತರಿಸಿದರೆ ತಪ್ಪುವುದಿಲ್ಲ. ಮನೆಯನ್ನೂ ಹಾಗೆಯೇ ಮಾಡಿದರಾಯಿತು ಎಂದು ಅವಳಿಗೆ ಹೊಳೆದಿತ್ತು. ಹಳೆಯ ಪೇಪರುಗಳನ್ನು ಅಂಟಿಸಿ ಮಂಚದಷ್ಟಕ್ಕೆ ಮಂಚ, ಬೀರಿನಷ್ಟಕ್ಕೆ ಬೀರು ಕತ್ತರಿಸಿದಳು. ಮಧ್ಯಾಹ್ನ ಕೈ ಬಿಡುವಾದಾಗ ಹೊಸ ಮನೆಗೆ ಹೋಗಿ ಆ ಪೇಪರುಗಳನ್ನು ನೆಲದ ಮೇಲೆ ಹಾಸಿ, ಹಾರದಂತೆ ಕಲ್ಲಿಟ್ಟು, ಹೆಜ್ಜೆ ಎಣಿಸುತ್ತ ನಡೆದಾಡಿದಳು. ಒಂದೇ ತೊಡಕು. ಇಲ್ಲಿ ಹಿತ್ತಿಲ ಬಾಗಿಲು ಎಡಮೂಲೆಯಲ್ಲಿರಲಿಲ್ಲ, ಬಲಮೂಲೆಯಲ್ಲಿತ್ತು.

ಅದಕ್ಕೇನಂತೆ? ಒಂದು ತೋಳು ಕತ್ತರಿಸಿದ ಪೇಪರನ್ನು ಮಗುಚಿ ಹಾಕಿದರೆ ಇನ್ನೊಂದು ತೋಳು ಸಿಗುತ್ತದೆ. ಅವಳು ಇಡೀ ಮನೆಯನ್ನು ಮಗುಚಿ ಹಾಕಿದಳು. ಎಡಕ್ಕಿದ್ದ ಖಾಲಿ ಗೋಡೆ ಬಲಕ್ಕೆ ಬಂತು, ಬಲಕ್ಕಿದ್ದ ಬೀರು, ಯಂತ್ರ ಎಡಕ್ಕೆ. ಹೆಜ್ಜೆ ಮಾತ್ರ ಹನ್ನೊಂದಕ್ಕೆ ಹನ್ನೊಂದೇ. ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಮಾವ, ನಿಮಗೆ ಒಂದು ಗುಲಗಂಜಿಯಷ್ಟೂ ವ್ಯತ್ಯಾಸ ಗೊತ್ತಾಗಲ್ಲ ನೋಡಿ. ಎಲ್ಲಾ ಹಳೇ ಮನೆ ಥರಾನೇ, ಹೆಜ್ಜೆನೂ ಹನ್ನೊಂದೇ. ಎಡ ಇದ್ದದ್ದು ಬಲ ಆಗತ್ತೆ, ಅಷ್ಟೇ."

ಮಾವ ಹಳೆಯ ಮನೆಯ ಕಿಟಕಿಯ ಬಳಿ ಕೂತು ಬಿಸಿಲಿಗೆ ಮೈ ಕಾಯಿಸಿಕೊಳ್ಳುತ್ತಿದ್ದರು. "ಅಷ್ಟೇ ತಾನೆ?" ಎಂದರು.

"ಅಷ್ಟೇ."

"ಹಾಗಾದ್ರೆ ಸರಿ ಬಿಡು. ಇಲ್ಲಾಂದ್ರೆ ನನ್ನನ್ನೂ ಒಂದು ಗೋಣಿಚೀಲದಲ್ಲಿ ಕಟ್ಟಿ ಲಾರಿಗೆ ಹಾಕು, ಪಾತ್ರೆಗಳ ಜೊತೆ."

"ಗೋಣಿಚೀಲ ಸಾಲಲ್ಲ ಮಾವ, ನಿಮ್ಮ ನಾಲಿಗೆ ಹೊರಗೇ ಉಳಿಯತ್ತೆ."

ಅವರು ನಕ್ಕರು. ಆದರೆ ಅವರ ಎಡಗೈ ಮಾತ್ರ ಕಿಟಕಿಯ ಚೌಕಟ್ಟನ್ನು ಮೆಲ್ಲನೆ ತಟ್ಟುತ್ತಲೇ ಇತ್ತು, ಯಾರನ್ನೋ ಸಮಾಧಾನ ಮಾಡುವಂತೆ.

ಹೊರಡುವ ದಿನ ಬಂತು. ಗಂಡ ಇಬ್ಬರು ಗೆಳೆಯರೊಂದಿಗೆ ಬೆಳಗ್ಗೆಯೇ ಸಾಮಾನು ಏರಿಸಿದ. ಟೈಲರಮ್ಮ ಮುಂಚೆಯೇ ಹೋಗಿ ಹೊಸ ಮನೆಯಲ್ಲಿ ನಿಂತು, ಪೇಪರಿನ ಮಂಚದ ಮೇಲೆ ಮರದ ಮಂಚ, ಪೇಪರಿನ ಬೀರಿನ ಮೇಲೆ ಕಬ್ಬಿಣದ ಬೀರು ಎಂದು ಒಂದೊಂದನ್ನೂ ಕೂರಿಸಿದಳು. ಬೀರು ಎರಡು ಬೆರಳು ಆಚೆ ಹೋದರೆ ಮತ್ತೆ ಎತ್ತಿಸುತ್ತಿದ್ದಳು. "ಏನಮ್ಮಾ ತಾಯಿ, ಬೀರು ಇಡ್ತಿದ್ದೀವೋ ಗುಂಡಿ ಹೊಲೀತಿದ್ದೀವೋ?" ಎಂದು ಗೆಳೆಯರಲ್ಲೊಬ್ಬ ಬೆವರು ಒರೆಸಿಕೊಂಡ.

ಎಲ್ಲ ಸಿದ್ಧವಾದ ಮೇಲೆ ಗಂಡ ಮಾವನನ್ನು ಲಾರಿಯ ಮುಂದಿನ ಸೀಟಿನಿಂದ ಇಳಿಸಿ, ಬಾಗಿಲು ದಾಟಿಸಿ, ಮಂಚದ ಮೇಲೆ ಕೂರಿಸಿದ. ಮಾವ ಮಂಚವನ್ನು ತಡವಿದರು. ತಮ್ಮದೇ ಮಂಚ.

"ಹನ್ನೊಂದು ಅಂದ್ಯಲ್ಲ?"

"ಹನ್ನೊಂದು, ಮಾವ."

ಅವರು ಎದ್ದರು. ಸೊಸೆಯ ಮಾತಿನ ಮೇಲೆ ಅವರಿಗಿದ್ದ ನಂಬಿಕೆ ಎಷ್ಟೆಂದರೆ, ತಡಕಾಡುತ್ತ ಹೋಗಲಿಲ್ಲ. ಹಳೆಯ ಮನೆಯಲ್ಲಿ ಹೋಗುವ ಹಾಗೆಯೇ ಬಿರಬಿರನೆ ಹೊರಟರು. ಬಲಗೈ ಗೋಡೆ ಹಿಡಿದಿತ್ತು, ಆದರೆ ಆ ಕಾಯಿಗಟ್ಟಿದ ಬೆರಳುಗಳು ಏನನ್ನೂ ಹೇಳಲಿಲ್ಲ. ಎಂಟು, ಒಂಬತ್ತು, ಹತ್ತು. ಹನ್ನೊಂದನೆಯದಕ್ಕೆ ಏಳು ವರ್ಷದ ರೂಢಿ ಅವರನ್ನು ಎಡಕ್ಕೆ ತಿರುಗಿಸಿ ಮುಂದಕ್ಕೆ ನಡೆಸಿತು.

ಕಬ್ಬಿಣದ ಬೀರಿನ ಅಂಚು ಹಣೆಗೆ ಬಡಿದ ಸದ್ದಿಗೆ ಲಾರಿಯ ಬಳಿ ನಿಂತಿದ್ದವರೂ ಒಳಗೆ ಓಡಿಬಂದರು.

ಗಾಯ ದೊಡ್ಡದಲ್ಲ. ಒದ್ದೆ ಬಟ್ಟೆ ಒತ್ತಿದರೆ ರಕ್ತ ನಿಂತಿತು. ಮಾವ ಬಯ್ಯಲಿಲ್ಲ, ನರಳಲಿಲ್ಲ. ಮಂಚದ ಮೇಲೆ ಕೂತು ಎರಡು ಅಂಗೈಯನ್ನೂ ತೊಡೆಯ ಮೇಲೆ ಮಗುಚಿ ಇಟ್ಟುಕೊಂಡರು. ಸ್ವಲ್ಪ ಹೊತ್ತಾದ ಮೇಲೆ, ಬಚ್ಚಲಿಗೆ ಹೋಗಬೇಕಾದಾಗ, ಸೊಸೆಯಿದ್ದ ಕಡೆ ಮುಖ ಮಾಡಿ ಕೈ ಚಾಚಿದರು.

"ಕೈ ಹಿಡ್ಕೋಮ್ಮ."

ಟೈಲರಮ್ಮ ಹಿಡಿದುಕೊಂಡಳು. ಏಳು ವರ್ಷದಲ್ಲಿ ಮೊದಲ ಸಲ ಆ ಕೈ ಅವಳ ಕೈಗೆ ಬಂದಿತ್ತು. ಅದು ತೀರಾ ಹಗುರವಾಗಿತ್ತು. ಹಣೆಯಲ್ಲಿ ರಕ್ತ ಬಂದಾಗಲೂ ಅವಳು ಅಷ್ಟು ಹೆದರಿರಲಿಲ್ಲ.

ಎರಡು ದಿನ ಹೀಗೆಯೇ ನಡೆಯಿತು. ಮಾವ ಕೂರಿಸಿದಲ್ಲಿ ಕೂತರು, ಎಬ್ಬಿಸಿದಾಗ ಎದ್ದರು. ತಮಾಷೆ ನಿಂತುಹೋಯಿತು. ಗಂಡ, "ವಯಸ್ಸಾಯ್ತು ಕಣೇ, ಯಾವತ್ತೋ ಒಂದಿನ ಆಗೋದೇ ಆಗಿತ್ತು. ನೀನೇನು ತಪ್ಪು ಮಾಡಿದೆ?" ಎಂದ. ಅವನು ಸಮಾಧಾನಕ್ಕೆ ಹೇಳಿದ್ದು. ಅವಳಿಗೆ ಸಮಾಧಾನವಾಗಲಿಲ್ಲ.

ಮೂರನೆಯ ದಿನ ಬೆಳಗ್ಗೆ ಅವಳು ದೀಪ ಹಚ್ಚಿ, ಕಣ್ಣು ಮುಚ್ಚಿ ನಿಂತಳು. ದೇವರ ಮುಂದೆ ಕಣ್ಣು ಮುಚ್ಚುವುದು ಎಲ್ಲರಿಗೂ ರೂಢಿ. ಅವತ್ತು ಅವಳು ಮುಚ್ಚಿದ ಕಣ್ಣನ್ನು ಬೇಗ ತೆಗೆಯಲಿಲ್ಲ. ಹಾಗೆಯೇ ಒಂದು ಹೆಜ್ಜೆ ಇಟ್ಟಳು, ಇನ್ನೊಂದು ಇಟ್ಟಳು. ಮೊಣಕೈ ಯಾವುದಕ್ಕೋ ತಾಗಿತು, ಅದು ಯಂತ್ರವೋ ಡ್ರಮ್ಮೋ ತಿಳಿಯಲಿಲ್ಲ. ತಿಂಗಳಿಡೀ ಟೇಪು ಹಿಡಿದು ಓಡಾಡಿದ ಮನೆಯಲ್ಲಿ ಅವಳಿಗೆ ಬಾಗಿಲು ಯಾವ ಕಡೆ ಎಂಬುದೇ ಗೊತ್ತಾಗಲಿಲ್ಲ. ಕಣ್ಣು ತೆರೆದು, "ಇಷ್ಟೆಲ್ಲ ಅಳೆದೆ. ಅವರನ್ನು ಒಂದು ಮಾತು ಕೇಳಲಿಲ್ಲವಲ್ಲ ಸ್ವಾಮಿ" ಎಂದು ತನ್ನಷ್ಟಕ್ಕೆ ಅಂದುಕೊಂಡಳು.

ಗಂಡ ಇನ್ನೂ ಹೊರಟಿರಲಿಲ್ಲ. "ರೀ, ಆ ಬೀರಿನ ಆ ಕಡೆ ಹಿಡೀರಿ" ಎಂದಳು.

"ಎಲ್ಲಿಗೆ?"

"ಅಂಗಳಕ್ಕೆ. ಯಂತ್ರಾನೂ, ಡ್ರಮ್ಮೂ, ಎಲ್ಲಾನೂ."

"ಹುಚ್ಚು ಹಿಡೀತಾ ನಿನಗೆ? ಮೊನ್ನೆ ತಾನೆ ಸೊಂಟ ಮುರ್ಕೊಂಡು ಒಳಗೆ ತಂದಿದ್ದು!"

"ಅದೇ ಸೊಂಟದಲ್ಲಿ ಆಚೆ ಹಾಕೋಣ ಬನ್ನಿ."

ಅವನು ಗೊಣಗಿದ, ಆದರೂ ಹಿಡಿದ. ಅರ್ಧ ಗಂಟೆಯಲ್ಲಿ ಮನೆ ಖಾಲಿಯಾಗಿ, ಆಡಿದ ಮಾತು ಗೋಡೆಗೆ ತಾಗಿ ವಾಪಸು ಬರುವಂತಾಯಿತು. ಮಂಚವೊಂದು, ಅದರ ಮೇಲೆ ಮಾವ.

ಸೊಸೆ ಅವರೆದುರು ನೆಲದ ಮೇಲೆ ಕೂತಳು. "ಮಾವ, ಮನೆ ಖಾಲಿ ಇದೆ. ನಾನು ನನಗೆ ತೋಚಿದ ಹಾಗೆ ಇಟ್ಟೆ, ತಪ್ಪಾಯ್ತು. ನೀವು ನೋಡ್ಕೊಂಡು ಹೇಳಿ, ಯಾವುದು ಎಲ್ಲಿರಬೇಕು ಅಂತ."

"ನಾನೇನು ನೋಡೋದು."

"ನೀವು ಹೇಳೋತನಕ ಬೀರು ಅಂಗಳದಲ್ಲೇ ಇರತ್ತೆ. ಗಿರಾಕಿಗಳು ಬಂದ್ರೆ ಅಲ್ಲೇ ಕೂತು ಹೊಲೀತೀನಿ."

ಮಾವ ಅಂಗೈಗಳನ್ನು ತೊಡೆಯ ಮೇಲಿಂದ ಎತ್ತಿದರು. ಆಮೇಲೆ ಮಂಚ ಬಿಟ್ಟು ಎದ್ದರು. ಎಡಗೈ ಚಾಚಿ ಗೋಡೆ ಹುಡುಕಿದರು. ಸಿಕ್ಕಿತು. ಅವರ ಬೆರಳುಗಳು ಅದರ ಮೇಲೆ ಅಂಗಡಿಯಲ್ಲಿ ಬಟ್ಟೆ ಮುಟ್ಟಿ ನೋಡುವವರಂತೆ ಓಡಾಡಿದವು. ನಾಲ್ಕು ಹೆಜ್ಜೆ ನಡೆದು ನಿಂತರು. ಕಿಟಕಿ ಸಿಕ್ಕಿತು. ಅದರ ಚೌಕಟ್ಟಿನ ಮೂಲೆಯನ್ನು ಉಗುರಿನಿಂದ ಕೆರೆದರು.

"ಇದನ್ನ ಮಾಡಿದೋನು ಯಾವನು?"

"ಗೊತ್ತಿಲ್ಲಪ್ಪ" ಎಂದ ಮಗ.

"ಬಡಗಿ ಅಲ್ಲ ಅವನು, ಸೌದೆ ಒಡೆಯೋನು. ಮೂಲೆ ಕೂಡಿಸೋಕೆ ಬರಲ್ಲ. ಬೆರಳೇ ಹೋಗತ್ತೆ ನೋಡು ಸಂದಿಯಲ್ಲಿ!"

ಟೈಲರಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಎರಡು ದಿನದ ಮೇಲೆ ಮಾವ ಒಬ್ಬರನ್ನು ಬಯ್ದಿದ್ದರು.

ಗೋಡೆ ಮುಗಿದು ಮೂಲೆ ಬಂತು. ಎಡಗೈಯನ್ನು ಗೋಡೆಯಿಂದ ಎತ್ತದೆಯೇ ಅವರು ಬಲಕ್ಕೆ ಹೊರಳಿ, ಎದುರಿನ ಗೋಡೆ ಹಿಡಿದು ಮುಂದುವರಿದರು. ಅದರ ಕೊನೆಯಲ್ಲಿ ಬಾಗಿಲ ಕಂಬ ಅವರ ಅಂಗೈಗೆ ತಾನಾಗಿ ಬಂದು ಸೇರಿತು. ಹಿತ್ತಿಲ ಬಾಗಿಲು.

"ಎಷ್ಟಾಯ್ತು?" ಎಂದರು.

"ಹತ್ತೊಂಬತ್ತು" ಎಂದಳು ಸೊಸೆ. ಅವಳೂ ಎಣಿಸಿದ್ದಳು. "ದೂರ ಆಯ್ತಲ್ಲ ಮಾವ?"

"ನನಗೇನು ಬಸ್ ಹಿಡಿಯೋದಿದೆಯಾ?" ಎಂದರು ಮಾವ. "ಈ ಎರಡು ಗೋಡೆಗೂ ಒಂದು ಮೊಳೆ ಕೂಡ ಹೊಡೀಬೇಡಿ. ಸಾಮಾನೆಲ್ಲ ಆ ಬಲಗಡೆ ಗೋಡೆಗೆ ಹಾಕಿ. ಬರ್ತಾ ಅವು ಎಡಗೈಗೇ ಸಿಗತ್ತೆ. ಬೀರಿನ ಅಂಚು ಮಾತ್ರ ಗೋಡೆಗೆ ಅಂಟಿರಬೇಕು, ಅದಕ್ಕೂ ನನಗೂ ಇನ್ನು ಮಾತಿಲ್ಲ."

ಅವತ್ತು ಮಧ್ಯಾಹ್ನದವರೆಗೂ ಮಾವ ಮಂಚದ ಮೇಲೆ ಕೂತು ಅಪ್ಪಣೆ ಕೊಡುತ್ತಿದ್ದರು, ಮಗ ಹೊರುತ್ತಿದ್ದ. ಟೇಪು ಟೈಲರಮ್ಮನ ಕೊರಳಲ್ಲೇ ಉಳಿಯಿತು.

ಹಾಗೆಂದು ಎಲ್ಲ ಒಂದೇ ದಿನಕ್ಕೆ ಸರಿಹೋಯಿತು ಎನ್ನುವ ಹಾಗಿಲ್ಲ. ಮೊಣಕಾಲಿಗೆ ಒಂದೆರಡು ಪೆಟ್ಟು ಬಿದ್ದವು. ಒಮ್ಮೆ ನೀರಿನ ತಂಬಿಗೆ ಉರುಳಿ ಹೊಲಿಯಲು ಬಂದ ಬಟ್ಟೆಯೆಲ್ಲ ತೊಯ್ದಿತು. ಪ್ರತಿ ಸಲ ಅವರು ಎದ್ದಾಗಲೂ ಟೈಲರಮ್ಮನ ಕಾಲು ಯಂತ್ರದ ಪೆಡಲಿನ ಮೇಲೆ ನಿಂತುಬಿಡುತ್ತಿತ್ತು. ಕೈ ತಾನಾಗಿ ಮುಂದೆ ಹೋಗುತ್ತಿತ್ತು. ಆ ಕೈಯನ್ನು ಅವಳು ಬಟ್ಟೆಯ ಕೆಳಗೆ ಅದುಮಿಡುತ್ತಿದ್ದಳು.

ಎಂಟನೆಯ ದಿನ ಮಾವ ಮುಂಬಾಗಿಲು ದಾಟಿ, ಸಾಲಿನ ಮುಂದಿನ ಅಂಗಳದ ನಲ್ಲಿಯವರೆಗೆ ಹೊರಟರು. ಅವಳು ಎದ್ದು ಬಾಗಿಲವರೆಗೂ ಹೋಗಿ, ಅವರು ಮುಖ ತೊಳೆಯುವುದನ್ನು ನೋಡಿ, ವಾಪಸು ಬಂದು ಕೂತಳು. ಒಂದು ಅಂಗಿಯ ಕಾಲರು ಮುಗಿಯಿತು. ಮಾವ ಬರಲಿಲ್ಲ. ಎದ್ದು ನೋಡಿದರೆ ನಲ್ಲಿಯ ಬಳಿ ಯಾರೂ ಇಲ್ಲ. ಬೀದಿಯ ಗೇಟು ತೆರೆದಿತ್ತು. ಬರಿಗಾಲಲ್ಲೇ ಬೀದಿಯ ಕೊನೆಯವರೆಗೂ ಓಡಿದಳು, ದೇವರೇ ದೇವರೇ ಎನ್ನುತ್ತ ತಿರುಗಿ ಓಡಿಬಂದಳು. ಆಗ ಪಕ್ಕದ ಮನೆಯೊಳಗಿಂದ ಮಾವನ ದನಿ ಕೇಳಿಸಿತು.

"...ಸೌದೆ ಒಡೆಯೋನು ಅಂತ ಆವತ್ತೇ ಹೇಳ್ದೆ. ನಿಮ್ಮ ಮನೆ ಬಾಗಿಲೂ ಅವನದೇ, ಮುಟ್ಟಿದ ತಕ್ಷಣ ಗೊತ್ತಾಯ್ತು."

ಮಾವ ಅಲ್ಲಿ ಕುರ್ಚಿಯ ಮೇಲೆ ಕೂತು ಟೀ ಕುಡಿಯುತ್ತಿದ್ದರು. ಎದುರಿಗೆ ಪಕ್ಕದ ಮನೆಯ ನರ್ಸಮ್ಮ, ಡ್ಯೂಟಿಯಿಂದ ಆಗಷ್ಟೇ ಬಂದವಳು, ನಗುತ್ತ ನಿಂತಿದ್ದಳು. "ಬನ್ನಿ ಬನ್ನಿ. ನಿಮ್ಮ ಮಾವ ನಮ್ಮನ್ನ ಮಾತಾಡಿಸೋಕೆ ಬಂದಿದ್ದಾರೆ. ನೀವಂತೂ ಬಂದು ಎಂಟು ದಿನ ಆದ್ರೂ ಈ ಕಡೆ ತಲೆ ಹಾಕ್ಲಿಲ್ಲ!"

ನಲ್ಲಿಯಿಂದ ಮರಳುವಾಗ ಒಂದು ಬಾಗಿಲು ಮುಂಚೆಯೇ ಒಳಗೆ ಹೋಗಿದ್ದಾರೆಂದು ಟೈಲರಮ್ಮನಿಗೆ ತಿಳಿಯಿತು. ಮಾವನಿಗೂ ತಿಳಿದಿತ್ತು. ಅವರ ಮುಖ ಸ್ವಲ್ಪ ಬಿಗಿಯಾಯಿತು, ಸೊಸೆ ಏನೆನ್ನುತ್ತಾಳೋ ಎಂದು ಕಾಯುವಂತೆ.

"ನೋಡಿ" ಎಂದಳು ಅವಳು ಏದುಸಿರು ಅಡಗಿಸಿಕೊಂಡು, "ನನಗಿಂತ ಮುಂಚೆ ಅವರಿಗೇ ನೆರೆಹೊರೆ ಆಯ್ತು."

ಮಾವ ಟೀ ಪೂರ್ತಿ ಕುಡಿದರು, ಅವಸರ ಮಾಡಲಿಲ್ಲ. ಲೋಟವನ್ನು ನರ್ಸಮ್ಮನ ಕೈಗೆ ಕೊಟ್ಟು ಎದ್ದರು. ಟೈಲರಮ್ಮ ಅವರ ಪಕ್ಕಕ್ಕೆ ಬಂದಳು.

"ನೀನು ಮುಂದೆ ನಡಿ" ಎಂದರು. "ನಾನು ಬರ್ತೀನಿ."

ಅವಳು ನರ್ಸಮ್ಮನ ಮನೆ ಬಾಗಿಲಲ್ಲಿದ್ದ ಒಂದು ಜೊತೆ ಚಪ್ಪಲಿಯನ್ನು ಕಾಲಿಗೆ ಸಿಕ್ಕಿಸಿಕೊಂಡು ಹೊರಬಿದ್ದಳು. ಕಲ್ಲು ಹಾಸಿದ ಅಂಗಳದ ಮೇಲೆ ಒಂದೊಂದು ಹೆಜ್ಜೆಯನ್ನೂ ಚಟ್ ಚಟ್ ಎಂದು ಇಡುತ್ತ, ಹಿಂದೆ ತಿರುಗಿ ನೋಡದೆ ನಡೆದಳು.

"ಯಾಕಮ್ಮಾ ಹಾಗೆ ನೆಲ ಒಡೀತೀಯ?" ಎಂದಿತು ಬೆನ್ನ ಹಿಂದಿನ ದನಿ. "ಹೋಗಿರೋದು ಕಣ್ಣು. ಕಿವಿ ಚೆನ್ನಾಗೇ ಇದೆ."

ಅವಳು ಹೆಜ್ಜೆಯನ್ನು ಸ್ವಲ್ಪ ಮೆಲ್ಲಗೆ ಇಟ್ಟಳು.