ಆವಿಗೆ ರಬ್ಬರು

ಆವಿಯ ಕೊಳವೆಯ ಸಂದಿಗೆ ತಣ್ಣೀರಿನ ಕೊಳವೆಯ ರಬ್ಬರ್ ಗ್ಯಾಸ್ಕೆಟ್, ಸೋರದಂತೆ ನಡುವೆ ಕೂರಿಸುವ ಬಳೆ, ಹಾಕಿದರು, ಅದು ಸಿಡಿದು ಅಕ್ಕನ ಬಲಗೈ ಬೆಂದುಹೋಯಿತು, ಅವಳೇ ಕೈಯಿಟ್ಟಳು ಎಂದರು. ಈಗ ಅಂಥದೇ ಒಂದು ಕಪ್ಪು ಬಳೆ ಸೂಪರ್‌ವೈಸರನ ತೋರುಬೆರಳಲ್ಲಿ ಗಿರಗಿರ ತಿರುಗುತ್ತಿದೆ, ತಿರುಗಿಸುತ್ತಲೇ ಕೆಳಗಿನಿಂದ ಮಾತಾಡುತ್ತಿದ್ದಾನೆ, ಬೇಗ ಬೇಗ ವಾಷರಮ್ಮ, ಇಸ್ತ್ರಿ ಮೆಷಿನ್ನೆಲ್ಲ ತಣ್ಣಗೆ ಕೂತಿವೆ, ಇವತ್ತಿಗೆ ಇದನ್ನ ಹಾಕಿ ಬಿಗಿದುಬಿಡು, ಸರಿಯಾದ್ದು ನಾಳೆ ಬರತ್ತೆ — ತಂಗಿ ಏಣಿಯ ಮೇಲೆ, ಬಿಚ್ಚಿದ ಕೊಳವೆಯ ಎರಡು ತುಟಿಗಳು ಮುಖದ ನೇರಕ್ಕೆ, ಅಂಟಿದ್ದ ಹಳೆಯ ಗ್ಯಾಸ್ಕೆಟ್ಟನ್ನು ಕೆರೆದು ತೆಗೆದಾಗಿದೆ, ಉಕ್ಕಿನ ಮೇಲೆ ಉಗುರೆಳೆದು ನೋಡಿದಳು, ಎಲ್ಲೂ ತಡೆಯಲಿಲ್ಲ, ಕನ್ನಡಿ, ಕನ್ನಡಿ ಮಾಡಿಟ್ಟಿದ್ದಾಳೆ, ಉಗುರಿಗೆ ಸಿಕ್ಕ ಗೀರು ಆವಿಗೆ ಸಿಗದೇ ಇರತ್ತೇನೇ ಮಗಳೇ ಎನ್ನುತ್ತಿದ್ದ ಕೆಲಸ ಕಲಿಸಿದ ಮುದುಕ ಫಿಟ್ಟರ್, ಕಣ್ಣು ಮುಚ್ಚಿಸಿ ಉಗುರೆಳೆಸುತ್ತಿದ್ದ, ತಪ್ಪು ಹೇಳಿದರೆ ಇನ್ನೊಂದು ಸಲ, ಸರಿ ಹೇಳಿದರೂ ಇನ್ನೊಂದು ಸಲ, ಮೆಚ್ಚಿದ್ದನ್ನು ಬಾಯಿಬಿಟ್ಟು ಹೇಳಿದರೆ ಹಲ್ಲುದುರುತ್ತದೆ ಎಂದು ನಂಬಿದ್ದವನಂತೆ, ಆ ಹೊತ್ತಿಗೆ ಅವನ ಬಾಯಲ್ಲಿ ಹಲ್ಲೂ ಉಳಿದಿರಲಿಲ್ಲ.

ವಾಷರಮ್ಮ, ಮೊದಮೊದಲು ಹಲ್ಲು ಕಿರಿದು ಇಟ್ಟ ಹೆಸರು, ಹೆಂಗಸು ಸ್ಪ್ಯಾನರ್ ಹಿಡಿದರೆ ಲೋಕ ಮುಳುಗುತ್ತದೆ ಎಂದವರು ಇಟ್ಟದ್ದು, ಈಗ ಎಲ್ಲಾದರೂ ಒಂದು ಸಂದಿ ಉಸ್ಸೆಂದರೆ ಸಾಕು, ವಾಷರಮ್ಮನ್ನ ಕರೀರಪ್ಪ, ಅದೇ ಬಾಯಿಗಳು — ಕರೆಯಲಿ, ಕರೆಯಬೇಕಾದದ್ದೇ, ಅವಳು ಬಿಗಿದ ಸಂದಿ ಒಂದಾದರೂ ಅತ್ತದ್ದುಂಟೇ, ಗ್ಯಾಸ್ಕೆಟ್ ಆರಿಸುವುದೆಂದರೆ ಸಂಬಂಧ ಕುದುರಿಸಿದ ಹಾಗೆ, ಅಳತೆ ಕೂಡಿದರೆ ಆಗಿಹೋಯಿತೇ, ಒಳಗೆ ಹರಿಯುವವನು ಯಾರು, ಅವನ ಕಾವೆಷ್ಟು, ಸಿಟ್ಟೆಷ್ಟು, ಬೋಲ್ಟಿಗೆ ತಡೆಯುವ ತಾಕತ್ತುಂಟೇ, ತುಟಿ ಒರಟೋ ನುಣುಪೋ, ತಣ್ಣೀರು ಪಾಪ, ಯಾರನ್ನು ಕೊಟ್ಟರೂ ಸಂಸಾರ ಮಾಡುತ್ತದೆ, ಅದಕ್ಕೆ ರಬ್ಬರು ಸಾಕು, ಆದರೆ ಆವಿ, ಒತ್ತಿ ಹಿಡಿದಷ್ಟೂ ಕೆರಳುವ ಜಾತಿ, ಅದಕ್ಕೆ ನಡುವೆ ಉಕ್ಕಿನ ತಗಡಿರುವ ಗ್ರಾಫೈಟು ಬೇಕು, ರಬ್ಬರನ್ನು ಅದು ಮೊದಲು ಮೆತ್ತಗೆ ಮಾಡುತ್ತದೆ, ಆಮೇಲೆ ಒಣಗಿಸುತ್ತದೆ, ಆಮೇಲೆ ಒಂದು ಮಧ್ಯಾಹ್ನ ಉಗಿಯುತ್ತದೆ. ಸುತ್ತಿನ ಬೋಲ್ಟುಗಳನ್ನು ಸಾಲಾಗಿ ಬಿಗಿಯಬಾರದು, ಇದಕ್ಕಿಷ್ಟು, ಎದುರಿನದಕ್ಕಿಷ್ಟು, ಮತ್ತೆ ಇದಕ್ಕಿಷ್ಟು, ಅಣ್ಣತಮ್ಮಂದಿರ ಜಗಳ ಬಿಡಿಸಿದಂತೆ, ಒಬ್ಬನ ಕಡೆ ವಾಲಿದೆಯೋ ಇನ್ನೊಬ್ಬನ ಕಡೆ ಬಾಯಿ ತೆರೆಯಿತು, ಈ ಕೈಗೆ ಅದು ಗೊತ್ತು, ಕತ್ತಲೆಯಲ್ಲಿ ಬಿಟ್ಟರೂ ಗೊತ್ತು, ಸಂಜೆ ಬಾಗಿಲಲ್ಲೇ ಅಕ್ಕ ಕೇಳುತ್ತಾಳೆ, ಏನೇ, ಇವತ್ತು ಯಾರ್ಯಾರ ಬಾಯಿ ಮುಚ್ಚಿಸಿ ಬಂದೆ, ಕೊಳವೇದು ಮಾತ್ರ ಕಣಕ್ಕ, ಸೂಪರ್‌ವೈಸರಂದು ಇನ್ನೂ ತೆಗೆದೇ ಇದೆ, ನಗುತ್ತಾರೆ ಇಬ್ಬರೂ, ಅಕ್ಕ ಎಡಗೈಯಲ್ಲಿ ತಟ್ಟೆ ಮುಂದಿಡುತ್ತಾಳೆ, ಬಲಗೈ ಮಡಿಲಲ್ಲಿ, ಮೇಣ ಕರಗಿ ಹೆಪ್ಪುಗಟ್ಟಿದಂಥ ಕೈ, ಮುಷ್ಟಿ ಕಟ್ಟಲಾಗದ ಕೈ, ಆಸ್ಪತ್ರೆಯಲ್ಲಿ ಊದಿದ ಮಣಿಕಟ್ಟಿನಿಂದ ಬಳೆ ಬರಲಿಲ್ಲ, ಕತ್ತರಿಸಿ ತೆಗೆದರು, ಅವಳೇ ಕೈಯಿಟ್ಟಳು ಎಂದರು, ಅವಳ ಕೆಲಸವೇ ಅಲ್ಲಿ, ಇಸ್ತ್ರಿ ಹಲಗೆಯ ಮೇಲೆ, ಕೈಯಿಡುವುದು, ಇನ್ನೆಲ್ಲಿಡಬೇಕಿತ್ತು.

ಏನ್ ಯೋಚ್ನೆ ಮಾಡ್ತಾ ನಿಂತೆ, ಹಿಡಿ ಇದನ್ನ — ಬಳೆ ತಿರುಗುತ್ತಿದೆ, ಇವನೂ ಫಿಟ್ಟರನೇ, ಅದೇ ಮುದುಕನ ಕೈಯಲ್ಲಿ ಪಳಗಿದವನು, ಕಣ್ಣು ಮುಚ್ಚಿ ಉಗುರೆಳೆದವನು, ಪಕ್ಕದ ಏಣಿಯಿಂದ ಅಣ್ಣಾ ಎಂದರೆ ಓಗೊಡುತ್ತಿದ್ದವನು, ಈಗ ಸಾರ್ ಎನ್ನಬೇಕು, ಗೊತ್ತಿಲ್ಲದೆ ಹೇಳುವವನಲ್ಲ, ಗೊತ್ತಿದ್ದೂ ಹೇಳುವವನು, ಅಂದು ಹಾಕಿಸಿದವರಿಗೂ ಗೊತ್ತಿತ್ತು, ಗೊತ್ತಿರಲಿಲ್ಲ ಎಂಬ ಮಾತು ಎಷ್ಟು ಬಿಗಿಯಾಗಿ ಕೂರುತ್ತದೆ, ಯಾವ ಗ್ಯಾಸ್ಕೆಟ್ಟೂ ಹಾಗೆ ಕೂರದು, ಒಂದು ಹನಿ ನಿಜ ಹೊರಗೆ ಸೋರುವುದಿಲ್ಲ — ಏಣಿಯ ಬುಡದಲ್ಲಿ ಅಕ್ಕ ನಿಲ್ಲುತ್ತಿದ್ದ ಮೆಷಿನ್, ಅಲ್ಲಿ ಈಗ ನಿಲ್ಲುವ ಹುಡುಗಿ ತಲೆಯೆತ್ತಿ ನೋಡುತ್ತಿದ್ದಾಳೆ, ಆಯ್ತಾ ಅಕ್ಕಾ, ಆವಿ ಯಾವಾಗ ಬಿಡ್ತೀರಾ, ಅವಳ ಎರಡು ಕೈಗಳೂ ತಣ್ಣನೆಯ ಹಲಗೆಯ ಮೇಲೆ, ಹತ್ತೂ ಬೆರಳು ಮಡಚುತ್ತವೆ, ತೆರೆಯುತ್ತವೆ, ಸುಮ್ಮನೆ ತಾಳ ಹಾಕುತ್ತಿವೆ — ನೋಡು ವಾಷರಮ್ಮ, ಮೇಲಿನವ್ರು ಹೇಳಿಯಾಗಿದೆ, ಎತ್ತು ಈಯ್ತು ಅಂದ್ರೆ ಕರು ಕಟ್ಟು ಅನ್ನೋ ಜನ, ನಾನೇನ್ ಮಾಡ್ಲಿ, ನೀನು ಹಾಕ್ದಿದ್ರೆ ಹಾಕೋರು ಬೇಕಾದಷ್ಟು ಜನ ಇದಾರೆ, ನಾಳೆಯಿಂದ ನೀನೂ ಮನೇಲಿ ಕೂತ್ಕೊ, ಅಕ್ಕನ ಜೊತೆ — ಅಕ್ಕನ ಜೊತೆ ಎಂದುಬಿಟ್ಟ, ನಾಲಿಗೆ ಕಚ್ಚಿಕೊಂಡ, ತಡವಾಯಿತು, ಬಳೆಯ ಗಿರಕಿ ನಿಧಾನವಾಯಿತು, ಸ್ಪ್ಯಾನರ್ ಅವಳ ಮುಷ್ಟಿಯಲ್ಲಿ ಬೆಚ್ಚಗಿದೆ, ಎಂಥ ಮುಷ್ಟಿ, ಎರಡು ಕೈಗಾಗುವಷ್ಟು, ಏಣಿ ಇಳಿಯಲಿಲ್ಲ, ದನಿ ಏರಿಸಲಿಲ್ಲ, ಹಾಕಲ್ಲ ಅಣ್ಣ, ಎಂದಳು, ನಾನೂ ಹಾಕಲ್ಲ, ಬೇರೆಯವರಿಗೂ ಈ ಏಣಿ ಬಿಡಲ್ಲ, ಕಣ್ಣು ಮುಚ್ಕೊಂಡು ಉಗುರೆಳೆದವನು ನೀನು, ಹಾಕು ಅಂತ ಇನ್ನೊಂದ್ ಸಲ ಹೇಳು ನೋಡೋಣ — ಬೆರಳು ನಿಂತಿದೆ, ಬೆರಳಲ್ಲಿ ಬಳೆ ನೇತಾಡಿ ನಿಂತಿದೆ, ಕಪ್ಪು ಬಳೆ, ಅಕ್ಕನ ಕೈಯಿಂದ ಕತ್ತರಿಸಿ ತೆಗೆದದ್ದರಷ್ಟೇ ಅಗಲ, ಕಪ್ಪು ಬಳೆ, ಹಾಕಲ್ಲ, ಕಪ್ಪು ಬಳೆ —